ಬೆನ್ನು ನೋವು, ಮೊಣಕೈ ನೋವಿಗೆ ಕರೆಂಟ್ ಮೆಷಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಸಿಯೋಥೆರಪಿಗೆ ಹೋಗಿ ಬಂದವರು "ಇವತ್ತು ಕರೆಂಟ್ ಕೊಟ್ಟರು" ಅಂತ ಹೇಳುವುದನ್ನು ಕೇಳಿರುತ್ತೀರಿ. ಆ ಕರೆಂಟ್ ಈಗ ಅಂಗೈಯಗಲದ ಡಬ್ಬಿಯಲ್ಲಿ ಮನೆಗೇ ಬಂದಿದೆ. ಡಬ್ಬಿಯ ಜೊತೆ ಬರುವ ಪುಸ್ತಿಕೆ ಓದಿದರೆ ಯಾವ ಬಟನ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ನನ್ನ ಸೊಂಟಕ್ಕೆ ಯಾವ ಬಟನ್ ಒತ್ತಬೇಕು ಅಂತ ಮಾತ್ರ ಗೊತ್ತಾಗುವುದಿಲ್ಲ. ನಾನು ಡಾಕ್ಟರ್ ಅಲ್ಲ. ಮೊದಲು ಬಲ ಮೊಣಕೈಗೆ, ಆಮೇಲೆ ಸೊಂಟಕ್ಕೆ ಈ ಮೆಷಿನ್ ಹಾಕಿಕೊಂಡು, ತಪ್ಪು ಮಾಡಿ, ಓದಿ, ಫಿಸಿಯೋ ಹತ್ತಿರ ಬೈಸಿಕೊಂಡು ಕಲಿತದ್ದು ಇಲ್ಲಿದೆ.

ಈ ಮೆಷಿನ್ ನಿಜವಾಗಿ ಮಾಡುವುದೇನು?

ಕೈ ಎತ್ತಬೇಕು ಅಂದುಕೊಂಡರೆ ಮಿದುಳಿನಿಂದ ಒಂದು ಸಣ್ಣ ವಿದ್ಯುತ್ ಸಂದೇಶ ಹೊರಟು, ನರದಲ್ಲಿ ಓಡಿ, ಸ್ನಾಯುವನ್ನು ತಲುಪುತ್ತದೆ. ಸ್ನಾಯು ಬಿಗಿಯುತ್ತದೆ, ಕೈ ಏಳುತ್ತದೆ. ಮೆಷಿನ್ ಮಿದುಳನ್ನು ಕೇಳದೆ ಅದೇ ನರವನ್ನು ಚರ್ಮದ ಮೇಲಿನಿಂದಲೇ ತಟ್ಟುತ್ತದೆ. ಇಟಲಿಯ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ಒದೆಯುವಂತೆ ಮಾಡಿ, 1791ರಲ್ಲಿ ಅದರ ಬಗ್ಗೆ ಬರೆದದ್ದೂ ಇದನ್ನೇ. ನೋವಿಗೆ ಕರೆಂಟ್ ಕೊಡುವುದು ಇನ್ನೂ ಹಳೆಯ ಉಪಾಯ. ಒಂದನೇ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ ಎಂಬ ಕೀಲು ನೋವಿನ ಕಾಯಿಲೆ ಇದ್ದವರಿಗೆ ಜೀವಂತ ವಿದ್ಯುತ್ ಮೀನಿನ ಮೇಲೆ ಕಾಲಿಟ್ಟು ನಿಲ್ಲಲು ಹೇಳುತ್ತಿದ್ದ, ಕಾಲು ಮರಗಟ್ಟುವವರೆಗೆ. ನಮಗೆ ಮೀನಿನ ಬದಲು ಪ್ಯಾಡ್ ಸಿಕ್ಕಿದೆ, ಅಷ್ಟೇ.

ಟೆನ್ಸ್ ಅಂತಾರೆ, ಇಎಂಎಸ್ ಅಂತಾರೆ. ಎರಡೂ ಒಂದೇನಾ?

ಅಲ್ಲ. ಅರ್ಧಕ್ಕರ್ಧ ಗೊಂದಲ ಹುಟ್ಟುವುದೇ ಇಲ್ಲಿಂದ.

ಟೆನ್ಸ್ ಮುಟ್ಟುವುದು ಸ್ಪರ್ಶ ತಿಳಿಸುವ ನರಗಳನ್ನು. ಕಾಲು ಜೋಮು ಹಿಡಿದು ಬಿಡುವಾಗ ಆಗುತ್ತದಲ್ಲ, ಆ ಜುಮುಜುಮು, ಅದೇ ಅನುಭವ. ಸ್ನಾಯು ಕದಲಬೇಕಾಗಿಲ್ಲ. ಸಾಮಾನ್ಯ ಟೆನ್ಸ್‌ನಲ್ಲಿ ಸೆಕೆಂಡಿಗೆ 80ರಿಂದ 120 ಬಡಿತ ಇರುತ್ತದೆ, ಅಂದರೆ 80ರಿಂದ 120 ಹರ್ಟ್ಸ್. ಒಂದೊಂದು ಬಡಿತ ಸುಮಾರು 50ರಿಂದ 200 ಮೈಕ್ರೋಸೆಕೆಂಡ್ ಇರುತ್ತದೆ. ನಡುವೆ ವಿರಾಮ ಇಲ್ಲ.

ಇಎಂಎಸ್ ಮುಟ್ಟುವುದು ಸ್ನಾಯುವನ್ನು ಆಡಿಸುವ ನರಗಳನ್ನು. ಯಾರೋ ಒಳಗಿನಿಂದ ಹಿಂಡಿದ ಹಾಗೆ ಸ್ನಾಯು ಗಟ್ಟಿಯಾಗುತ್ತದೆ, ಆಮೇಲೆ ಸಡಿಲ ಬಿಡುತ್ತದೆ. ಸೆಕೆಂಡಿಗೆ ಸುಮಾರು 35ರಿಂದ 50 ಬಡಿತ, ಬಡಿತದ ಅಗಲ, ಅಂದರೆ ಒಂದು ಬಡಿತ ಇರುವ ಹೊತ್ತು, 200ರಿಂದ 350 ಮೈಕ್ರೋಸೆಕೆಂಡ್. ಇಲ್ಲಿ ವಿರಾಮ ಇರಲೇಬೇಕು: 5ರಿಂದ 10 ಸೆಕೆಂಡ್ ಹಿಂಡಿದರೆ ಕನಿಷ್ಠ ಅದರ ಎರಡು ಮೂರು ಪಟ್ಟು ಬಿಡುವು.

ಈಗ ಮಾರಾಟವಾಗುವ ಬಹಳಷ್ಟು ಡಬ್ಬಿಗಳಲ್ಲಿ ಎರಡೂ ಇರುತ್ತವೆ. ಪ್ರೋಗ್ರಾಂ ಹೆಸರು ಏನೇ ಇರಲಿ, ಮೈಯೇ ಹೇಳುತ್ತದೆ. ಜುಮುಜುಮು ಅಂದರೆ ಟೆನ್ಸ್, ಹಿಂಡಿ ಬಿಟ್ಟರೆ ಇಎಂಎಸ್. "ಮಸಾಜ್" ಅಂತ ಬರೆದಿರುವುದು ಸಾಮಾನ್ಯವಾಗಿ ಕಡಿಮೆ ವೇಗದ ಬಡಿತ. ಸ್ನಾಯು ಟಕ್ ಟಕ್ ಅಂತ ಕುಣಿಯುತ್ತದೆ, ಹಾಯೆನಿಸುತ್ತದೆ, ಬಲ ಬರುವುದಿಲ್ಲ.

ಹರ್ಟ್ಸ್ ಬದಲಾಯಿಸಿದರೆ ಏನಾಗುತ್ತೆ ಅಂತ ಕಣ್ಣಾರೆ ನೋಡಬಹುದಾ?

ನೋಡಬಹುದು, ಮುಂಗೈಯಲ್ಲಿ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲೆ ಸಡಿಲವಾಗಿಡಿ. ಮೊಣಕೈಯಿಂದ ಎರಡು ಮೂರು ಬೆರಳಷ್ಟು ಕೆಳಗೆ, ಮುಂಗೈಯ ಮೇಲ್ಭಾಗದಲ್ಲಿ ಒಂದು ಪ್ಯಾಡ್. ಅದೇ ಸಾಲಿನಲ್ಲಿ ಇನ್ನೂ ಕೆಳಗೆ, ಮಣಿಕಟ್ಟಿನ ಕಡೆಗೆ ಇನ್ನೊಂದು. ಪ್ರತಿ ಸಲ ಸೊನ್ನೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. 2 ಹರ್ಟ್ಸ್ ಇಟ್ಟರೆ ಬೆರಳುಗಳು ಟೈಪ್ ಮಾಡುತ್ತಿರುವ ಹಾಗೆ ಹಾರುತ್ತವೆ. 10ಕ್ಕೆ ಬಂದರೆ ನಡುಗುತ್ತವೆ. 40 ಹತ್ತಿರ ನಡುಕ ನಿಂತು ಮಣಿಕಟ್ಟು ನಿಧಾನಕ್ಕೆ ಮೇಲೆದ್ದು ಗಾಳಿಯಲ್ಲೇ ನಿಂತುಬಿಡುತ್ತದೆ. ಬಡಿತಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಬಿಗಿತ ಆಗುವ ಜಾಗ ಅದು. ಮೊದಲ ಸಲ ನೋಡಿದಾಗ ನನ್ನ ಕೈಯೇ ನನಗೆ ಪರಕೀಯ ಅನ್ನಿಸಿತ್ತು. ಮೊಣಕೈ ಈಗ ಜೋರಾಗಿ ನೋಯುತ್ತಿದ್ದರೆ ಈ ಪ್ರಯೋಗವನ್ನು ಇನ್ನೊಂದು ಕೈಯಲ್ಲಿ ಮಾಡಿ.

ಸರಿ, ಇದರಿಂದ ನೋವು ಯಾಕೆ ಕಡಿಮೆಯಾಗಬೇಕು?

ಮೊಣಕೈ ಗೋಡೆಗೆ ತಾಗಿದ ಕೂಡಲೇ ನಮಗೆ ಗೊತ್ತಿಲ್ಲದೆ ಇನ್ನೊಂದು ಕೈ ಹೋಗಿ ಉಜ್ಜುತ್ತದೆ ಅಲ್ವಾ? ಉಜ್ಜಿದರೆ ಪೆಟ್ಟು ವಾಸಿಯಾಗುವುದಿಲ್ಲ, ನೋವು ಮಾತ್ರ ತಗ್ಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು 1965ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ ಅಂದುಕೊಳ್ಳಿ. ನೋವಿನ ಸುದ್ದಿಯೂ ಸ್ಪರ್ಶದ ಸುದ್ದಿಯೂ ಅದರ ಮೂಲಕವೇ ಮಿದುಳಿಗೆ ಹೋಗಬೇಕು. ಸ್ಪರ್ಶದ ಸುದ್ದಿ ಜಾಸ್ತಿ ಬಂದರೆ ನೋವಿನ ಸುದ್ದಿಗೆ ಗೇಟ್ ಅರ್ಧ ಮುಚ್ಚಿಕೊಳ್ಳುತ್ತದೆ. ಆ ಸಿದ್ಧಾಂತಕ್ಕೆ ಆಮೇಲೆ ಸಾಕಷ್ಟು ತಿದ್ದುಪಡಿ ಆಗಿದೆ, ಆದರೆ ಟೆನ್ಸ್ ಮೆಷಿನ್ ಹುಟ್ಟಿದ್ದು ಅದರಿಂದಲೇ. ಇದರ ಜೊತೆಗೆ, ದೇಹ ತಾನೇ ತಯಾರಿಸುವ ನೋವು ನಿವಾರಕ ರಾಸಾಯನಿಕಗಳನ್ನೂ ಕರೆಂಟ್ ಎಬ್ಬಿಸುತ್ತದೆ.

ಇಎಂಎಸ್ ಕಥೆ ಬೇರೆ. ಸೊಂಟ ಹಿಡಿದುಕೊಂಡಾಗ "ನರ ಹಿಡಿದಿದೆ" ಅಂತೀವಿ. ಹೆಚ್ಚಿನ ಸಲ ಬಿಗಿದುಕೊಂಡಿರುವುದು ನರ ಅಲ್ಲ, ಸ್ನಾಯು. ನೋಯುವ ಜಾಗವನ್ನು ಕಾಯಲು ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಿಂಡಿ ಬಿಡುವ ಕೆಲಸ ಹತ್ತಾರು ಸಲ ನಡೆದರೆ ಆ ಬಿಗಿತ ಸ್ವಲ್ಪ ಸಡಿಲಾಗುತ್ತದೆ, ರಕ್ತ ಓಡಾಡುತ್ತದೆ.

ಇನ್ನೊಂದು ವಿಷಯ ಇದೆ, ನನಗೆ ಇದೇ ಮುಖ್ಯ ಅನ್ನಿಸುವುದು. ಬೆನ್ನುಮೂಳೆಗೆ ಅಂಟಿಕೊಂಡು ಮಲ್ಟಿಫಿಡಸ್ ಅನ್ನುವ ಸ್ನಾಯು ಇದೆ. ಒಂದೊಂದು ಮೂಳೆಯನ್ನೂ ಜಾಗದಲ್ಲಿ ಹಿಡಿದಿಡುವುದು ಅದರ ಕೆಲಸ. ಬೆನ್ನು ನೋವು ಬಂದವರಲ್ಲಿ ಈ ಸ್ನಾಯು ಸೊರಗುತ್ತದೆ. ನೋವು ಹೋದ ಮೇಲೂ ಅದು ತಾನಾಗಿ ಮೊದಲಿನ ಗಾತ್ರಕ್ಕೆ ಬರುವುದಿಲ್ಲ ಅಂತ 1990ರ ದಶಕದಲ್ಲೇ ತೋರಿಸಿದ್ದಾರೆ. ಒಮ್ಮೆ ಬಂದ ಸೊಂಟ ನೋವು ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹಾಗಾದರೆ ಪ್ಯಾಡ್ ಅಂಟಿಸಿ ಅದನ್ನು ಎಬ್ಬಿಸೋಣ ಅನ್ನಿಸುತ್ತದೆ. ತೊಂದರೆ ಏನೆಂದರೆ ಅದು ಆಳದಲ್ಲಿದೆ. ಚರ್ಮದ ಮೇಲಿನ ಪ್ಯಾಡ್‌ನ ಕರೆಂಟ್ ಹೆಚ್ಚಾಗಿ ಮೇಲ್ಪದರದ ಸ್ನಾಯುಗಳಲ್ಲೇ ಖರ್ಚಾಗಿಬಿಡುತ್ತದೆ. ಈ ಸ್ನಾಯುವಿಗೆ ಹೋಗುವ ನರವನ್ನೇ ತಟ್ಟುವ, ಆಪರೇಷನ್ ಮಾಡಿ ಒಳಗಿಡುವ ಸಾಧನಕ್ಕೆ ಅಮೆರಿಕದ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿತು. ಡಬ್ಬಿ ಮೆಷಿನ್ ಅಷ್ಟು ಆಳಕ್ಕೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಿ ಬಂದುಬಿಡಿ.

ಪುರಾವೆ ಇದೆಯಾ? ನಿಜ ಹೇಳಿ.

ಅರ್ಧ ಇದೆ. ಟೆನ್ಸ್ ಬಗ್ಗೆ ನಡೆದ 381 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2022ರಲ್ಲಿ ಬಂತು. ಮೆಷಿನ್ ಓಡುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ, ಕರೆಂಟ್ ಇಲ್ಲದ ನಕಲಿ ಮೆಷಿನ್‌ಗಿಂತ ನೋವು ಕಡಿಮೆ ಇರುತ್ತದೆ ಅಂತ ಅದು ಹೇಳಿತು. ಗಮನಿಸಿ, ಓಡುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ. ಮುಂದಿನ ತಿಂಗಳು ಅಲ್ಲ.

ಇನ್ನೊಂದು ಕಡೆ, ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಟೆನ್ಸ್ ಕೊಡಬೇಡಿ ಅಂತ ವೈದ್ಯರಿಗೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುಕಾಲದ ಸೊಂಟ ನೋವಿನ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲೂ ಟೆನ್ಸ್ ಶಿಫಾರಸು ಮಾಡಿದ ಪಟ್ಟಿಯಲ್ಲಿಲ್ಲ, ಬೇಡ ಅಂದ ಪಟ್ಟಿಯಲ್ಲಿದೆ. ಟೆನಿಸ್ ಎಲ್ಬೋ, ಅಂದರೆ ಮೊಣಕೈಯ ಹೊರಬದಿಯ ನೋವಿನ ಬಗ್ಗೆ 2013ರಲ್ಲಿ ಇಂಗ್ಲೆಂಡಿನ 241 ಜನರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಎರಡೂ ಗುಂಪಿಗೆ ಸಲಹೆ, ವ್ಯಾಯಾಮ ಕೊಟ್ಟರು. ಒಂದು ಗುಂಪಿಗೆ ಮಾತ್ರ ಜೊತೆಗೆ ಟೆನ್ಸ್ ಕೊಟ್ಟರು. ಎರಡೂ ಗುಂಪು ಸುಧಾರಿಸಿತು, ಟೆನ್ಸ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಮತ್ತೆ ನೀವ್ಯಾಕೆ ಬಳಸ್ತೀರಿ ಅಂತ ಕೇಳಬಹುದು. ನಾನು ಇದನ್ನು ಔಷಧಿ ಅಂತ ನೋಡುವುದಿಲ್ಲ, ಒಂದರ್ಧ ಗಂಟೆ ಸಮಯ ಕೊಂಡುಕೊಳ್ಳುವ ಉಪಾಯ ಅಂತ ನೋಡುತ್ತೇನೆ. ನೋವು ತಗ್ಗಿದ ಆ ಅರ್ಧ ಗಂಟೆಯಲ್ಲಿ ವ್ಯಾಯಾಮ ಮಾಡಬಹುದು, ನಡೆದಾಡಬಹುದು. ಪ್ಯಾಡ್ ಹಾಕಿಕೊಂಡು ಸೋಫಾದಲ್ಲಿ ಬಿದ್ದುಕೊಂಡರೆ ಕೊಂಡ ಸಮಯ ದಂಡ.

ಬೆನ್ನಿಗೆ ಪ್ಯಾಡ್ ಎಲ್ಲಿ ಅಂಟಿಸಬೇಕು?

ಬೆನ್ನುಮೂಳೆಯ ಮೇಲೆ ಅಲ್ಲ, ಅದರ ಎರಡೂ ಪಕ್ಕ. ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಆಚೀಚೆ ಎರಡು ಉದ್ದನೆಯ ದಿಂಡಿನಂತೆ ಸ್ನಾಯು ಕೈಗೆ ಸಿಗುತ್ತದೆ. ಪ್ಯಾಡ್ ಕೂರಬೇಕಾದದ್ದು ಆ ದಿಂಡಿನ ಮೇಲೆ. ನಾಲ್ಕು ಪ್ಯಾಡ್ ಇದ್ದರೆ ಒಂದು ವೈರಿನ ಎರಡು ಪ್ಯಾಡ್ ಎಡಗಡೆ ಮೇಲೆ ಕೆಳಗೆ, ಇನ್ನೊಂದು ವೈರಿನ ಎರಡು ಬಲಗಡೆ ಮೇಲೆ ಕೆಳಗೆ. ನೋವಿನ ಜಾಗ ಆ ನಾಲ್ಕರ ನಡುವೆ ಬರಲಿ. ಎರಡೇ ಪ್ಯಾಡ್ ಇದ್ದರೆ ನೋಯುವ ಪಕ್ಕದಲ್ಲೇ ಎರಡನ್ನೂ ಹಾಕಿ.

ಬೆನ್ನಿಗೆ ದೊಡ್ಡ ಪ್ಯಾಡ್ ಒಳ್ಳೆಯದು. ಅದೇ ಕರೆಂಟ್ ಅಗಲ ಜಾಗಕ್ಕೆ ಹರಡಿಕೊಂಡರೆ ಚುಚ್ಚುವುದಿಲ್ಲ. 5 ಸೆಂಟಿಮೀಟರ್ ಚೌಕದ ಪ್ಯಾಡ್ ಸಾಮಾನ್ಯ, ಸೊಂಟಕ್ಕೆ 5 ಬೈ 10 ಸಿಕ್ಕರೆ ಇನ್ನೂ ಹಿತ. ಪ್ಯಾಡ್‌ಗಳು ಒಂದಕ್ಕೊಂದು ತಾಗಬಾರದು, ಕನಿಷ್ಠ ಒಂದು ಪ್ಯಾಡ್ ಅಗಲದ ಜಾಗ ಬಿಡಿ.

ಒಬ್ಬರೇ ಇದ್ದಾಗ ಸೊಂಟಕ್ಕೆ ಪ್ಯಾಡ್ ಅಂಟಿಸುವುದು ಒಂದು ಸರ್ಕಸ್. ಕನ್ನಡಿಗೆ ಬೆನ್ನು ಮಾಡಿ ನಿಂತು, ಕತ್ತು ತಿರುಗಿಸಿ, ಪ್ಯಾಡ್ ಮಡಚಿಕೊಂಡು ತನಗೇ ಅಂಟಿಕೊಂಡು... ಇಷ್ಟು ತಿರುಚಿಕೊಂಡರೆ ಇಲ್ಲದ ನೋವೂ ಬರುತ್ತದೆ. ಮನೆಯವರನ್ನು ಕರೆಯಿರಿ. ಯಾರೂ ಇಲ್ಲದಿದ್ದರೆ ಪ್ಯಾಡನ್ನು ಅಂಗೈಯಲ್ಲಿ ಅಂಟು ಮೇಲೆ ಬರುವಂತೆ ಇಟ್ಟುಕೊಂಡು, ಸೊಂಟದ ಮೇಲೆ ಕೈ ಇಟ್ಟು ನಿಂತಂತೆ ಒತ್ತಿ. ವೈರ್ ಮೊದಲೇ ಸಿಕ್ಕಿಸಿರಲಿ, ಮೆಷಿನ್ ಮಾತ್ರ ಆಫ್ ಇರಲಿ.

ಬೆನ್ನಿಗೆ ಯಾವ ಸೆಟ್ಟಿಂಗ್‌ನಿಂದ ಶುರು ಮಾಡಲಿ?

ಸೊಂಟ ಈಗಷ್ಟೇ ಹಿಡಿದುಕೊಂಡಿದೆ, ಬಗ್ಗಲು ಆಗುತ್ತಿಲ್ಲ ಅಂದರೆ ಇಎಂಎಸ್ ಬೇಡ. ಮೊದಲೇ ಬಿಗಿದ ಸ್ನಾಯುವನ್ನು ಇನ್ನಷ್ಟು ಬಿಗಿ ಮಾಡಿ ಏನು ಸಿಗುತ್ತದೆ? ಟೆನ್ಸ್ 100 ಹರ್ಟ್ಸ್ ಆಸುಪಾಸು, 20ರಿಂದ 30 ನಿಮಿಷ.

ಆ ಗಲಾಟೆ ತಣ್ಣಗಾದ ಮೇಲೆ, ಎದ್ದು ಓಡಾಡುವಂತಾದ ಮೇಲೆ, ಇಎಂಎಸ್ ನೋಡಬಹುದು. ಹೊಟ್ಟೆಯ ಕೆಳಗೆ ದಿಂಬು ಇಟ್ಟು ಬೋರಲು ಮಲಗಿ. 40 ಹರ್ಟ್ಸ್ ಆಸುಪಾಸು, 5 ಸೆಕೆಂಡ್ ಹಿಂಡಿ 15 ಸೆಕೆಂಡ್ ಬಿಡುವಂತೆ, 10 ನಿಮಿಷ ಸಾಕು. ಮೆಷಿನ್‌ನಲ್ಲಿ ರ‍್ಯಾಂಪ್ ಅಂತ ಇದ್ದರೆ 1ರಿಂದ 2 ಸೆಕೆಂಡ್ ಇಡಿ. ಆಗ ಕರೆಂಟ್ ಒಮ್ಮೆಗೇ ಎಗರುವುದಿಲ್ಲ, ಏರುತ್ತ ಬರುತ್ತದೆ. ಎಡ ಬಲ ಎರಡೂ ಒಂದೇ ಸಮ ಬಿಗಿಯುತ್ತಿವೆಯಾ ಅಂತ ಕೈಯಿಟ್ಟು ನೋಡಿ. ಒಂದೇ ನಂಬರ್ ಇಟ್ಟರೂ ಎರಡು ಪಕ್ಕ ಒಂದೇ ತರ ಎಳೆಯುವುದು ಅಪರೂಪ.

ನಾನು ಟೆನಿಸ್ ಆಡೇ ಇಲ್ಲ. ಆದರೂ ಟೆನಿಸ್ ಎಲ್ಬೋ ಅಂತಾರಲ್ಲ?

ಬಹಳಷ್ಟು ಜನ ಆಡಿರುವುದಿಲ್ಲ. ಬಟ್ಟೆ ಹಿಂಡುವುದು, ಸ್ಕ್ರೂ ತಿರುಗಿಸುವುದು, ಇಡೀ ದಿನ ಮೌಸ್ ಹಿಡಿಯುವುದು, ಬಕೆಟ್ ಎತ್ತುವುದು, ಇವೆಲ್ಲ ಸಾಕು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಗುಬುಟು ಮೂಳೆಗೆ ಟೆಂಡನ್ ಮೂಲಕ ಕಟ್ಟಿಕೊಂಡಿವೆ. ಟೆಂಡನ್ ಅಂದರೆ ಸ್ನಾಯುವಿನ ತುದಿಯ ಹಗ್ಗ. ಆ ಹಗ್ಗ ಮೂಳೆಗೆ ಸೇರುವ ಕಡೆ ಸವೆದು ನೋಯುತ್ತದೆ. ಪರೀಕ್ಷೆ ಸುಲಭ: ಅಂಗೈ ಕೆಳಗೆ ಮಾಡಿ, ಕೈ ನೇರ ಇಟ್ಟುಕೊಂಡು ಒಂದು ಕುರ್ಚಿ ಎತ್ತಿ ನೋಡಿ. ಹೊರಬದಿಯಲ್ಲಿ ಚುರ್ ಅಂದರೆ ಅದೇ ಇರಬಹುದು. ನನಗೆ ಬಾಗಿಲ ಹಿಡಿ ತಿರುಗಿಸುವಾಗ ಗೊತ್ತಾಗಿದ್ದು.

ಸಮಾಧಾನದ ಸುದ್ದಿ: ಹೆಚ್ಚಿನವರಿಗೆ ಇದು ಒಂದು ವರ್ಷದೊಳಗೆ ವಾಸಿಯಾಗುತ್ತದೆ, ಮೆಷಿನ್ ಇರಲಿ ಇಲ್ಲದಿರಲಿ. ಬೇಸರದ ಸುದ್ದಿಯೂ ಅದೇ. ಒಂದು ವರ್ಷ!

ಮೊಣಕೈಗೆ ಪ್ಯಾಡ್ ಹೇಗೆ? ಬೆನ್ನಿನ ಹಾಗೇನಾ?

ಇಲ್ಲ, ಇಲ್ಲಿ ಹುಷಾರು. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ನೋವಿರುವುದು ಗುಬುಟು ಮೂಳೆಯಲ್ಲಿ ಅಂತ ಅದರ ಮೇಲೇ ಪ್ಯಾಡ್ ಅಂಟಿಸಿ, ಇಎಂಎಸ್ ಹಾಕಿ, ಮಣಿಕಟ್ಟು ಎಗರುವಷ್ಟು ಏರಿಸಿದೆ. ಆ ಹತ್ತು ನಿಮಿಷ ಏನೋ ಸಾಧಿಸಿದ ಖುಷಿ. ಮರುದಿನ ಲೋಟ ಎತ್ತಲು ಆಗಲಿಲ್ಲ. "ಹರಿದ ಹಗ್ಗವನ್ನು ಹತ್ತು ನಿಮಿಷ ಜಗ್ಗಿದ್ದೀರಿ" ಅಂದರು ಫಿಸಿಯೋ. ಮಾತು ಸರಿಯಿತ್ತು. ಸ್ನಾಯು ಬಿಗಿದಾಗಲೆಲ್ಲ ಎಳೆಯುವುದು ಆ ನೋಯುವ ಟೆಂಡನ್ನನ್ನೇ.

ನೋವು ತಗ್ಗಿಸಬೇಕು ಅಂದರೆ ಟೆನ್ಸ್. ಒಂದು ಪ್ಯಾಡ್ ಗುಬುಟಿನ ಸ್ವಲ್ಪ ಮೇಲೆ, ತೋಳಿನ ಹೊರಬದಿಯಲ್ಲಿ. ಇನ್ನೊಂದು ಗುಬುಟಿನಿಂದ ಮೂರು ನಾಲ್ಕು ಬೆರಳು ಕೆಳಗೆ, ಮುಂಗೈಯ ಮಾಂಸಲ ಭಾಗದ ಮೇಲೆ. ಜುಮುಜುಮು ಆಗಬೇಕು, ಬೆರಳು ಕುಣಿಯಬಾರದು. ಕುಣಿದರೆ ಒಂದೆರಡು ಅಂಕ ಇಳಿಸಿ. ಎಲುಬಿನ ಮೇಲೆ ನೇರ ಅಂಟಿಸಿದರೆ ಚುಚ್ಚುತ್ತದೆ, ಕರೆಂಟೂ ಹೋಗಬೇಕಾದ ಕಡೆ ಹೋಗುವುದಿಲ್ಲ.

ಇಎಂಎಸ್ ಬೇಕೇಬೇಕು ಅಂದರೆ ಮೊದಲ ಕೆಲವು ವಾರ ಕಳೆದ ಮೇಲೆ, ಎರಡೂ ಪ್ಯಾಡ್ ಮುಂಗೈ ಸ್ನಾಯುವಿನ ಮೇಲೆ ಇಟ್ಟು, ಮಣಿಕಟ್ಟು ಅಷ್ಟಿಷ್ಟು ಏಳುವಷ್ಟು ಮಾತ್ರ. ಮೊಣಕೈ ಸ್ವಲ್ಪ ಮಡಚಿರಲಿ. ಮರುದಿನ ನೋವು ಏರಿದ್ದರೆ ಅದು ಜಾಸ್ತಿಯಾಯಿತು ಅಂತಲೇ ಅರ್ಥ.

ನೋವು ಮೊಣಕೈಯ ಒಳಬದಿಯಲ್ಲಿದ್ದರೆ?

ಅದನ್ನು ಗಾಲ್ಫರ್ಸ್ ಎಲ್ಬೋ ಅಂತಾರೆ. ಪ್ಯಾಡ್ ಮುಂಗೈಯ ಒಳಬದಿಗೆ ಬರುತ್ತದೆ. ಒಂದು ಎಚ್ಚರಿಕೆ: ಒಳಗುಬುಟಿನ ಹಿಂದಿನ ತಗ್ಗಿನಲ್ಲಿ ಅಲ್ನಾರ್ ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಮೊಣಕೈ ತಾಗಿದಾಗ ಕಿರುಬೆರಳಿನವರೆಗೆ ಶಾಕ್ ಹೊಡೆಯುತ್ತದಲ್ಲ, ಅದೇ ನರ. ಆ ತಗ್ಗಿನ ಮೇಲೆ ಪ್ಯಾಡ್ ಬೇಡ. ಕಿರುಬೆರಳು, ಉಂಗುರ ಬೆರಳು ಸುಮ್ಮಸುಮ್ಮನೆ ಜೋಮು ಹಿಡಿಯುತ್ತಿದ್ದರೆ ಅದು ಬೇರೆ ಸಮಸ್ಯೆ, ಡಾಕ್ಟರ್ ನೋಡಬೇಕು.

ಎಷ್ಟು ಜೋರು ಇಡಬೇಕು? ಜಾಸ್ತಿ ಇಟ್ಟರೆ ಬೇಗ ವಾಸಿಯಾಗುತ್ತಾ?

ಟೆನ್ಸ್ ಜೋರಾಗಿರಬೇಕು, ನೋಯಬಾರದು. ಹೌದು, ಇಲ್ಲಿ ಅತಿ ನಾಜೂಕಾಗಿ ಇಡುವುದೂ ತಪ್ಪು. ಅನ್ನಿಸೀತೋ ಇಲ್ಲವೋ ಅನ್ನುವಷ್ಟು ಇಟ್ಟರೆ ಪ್ರಯೋಜನ ಕಡಿಮೆ. ಐದು ಹತ್ತು ನಿಮಿಷಕ್ಕೆ ಮೈ ಒಗ್ಗಿಕೊಂಡು ಅನುಭವ ಮಸುಕಾಗುತ್ತದೆ. ಆಗ ಒಂದು ಮೆಟ್ಟಿಲು ಏರಿಸಿ.

ಇಎಂಎಸ್‌ನಲ್ಲಿ ನಿಮ್ಮ ಹಲ್ಲು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಜಾಸ್ತಿಯಾಗಿದೆ.

ದಿನಕ್ಕೆ ಎಷ್ಟು ಸಲ?

ಟೆನ್ಸ್ ದಿನಕ್ಕೆ ಎರಡು ಮೂರು ಸಲ, 20ರಿಂದ 40 ನಿಮಿಷ. ನಡುವೆ ಕೆಲವು ಗಂಟೆ ಬಿಡುವು. ಇಎಂಎಸ್ ಒಂದೇ ಜಾಗಕ್ಕೆ ದಿನ ಬಿಟ್ಟು ದಿನ.

ಯಾಕೆ ಬಿಡುವು ಅಂದರೆ, ಮಿದುಳು ಸ್ನಾಯುವಿನ ಎಳೆಗಳನ್ನು ಪಾಳಿಯಲ್ಲಿ ದುಡಿಸುತ್ತದೆ. ಕೆಲವು ದುಡಿಯುವಾಗ ಕೆಲವು ಸುಧಾರಿಸಿಕೊಳ್ಳುತ್ತವೆ. ಮೆಷಿನ್‌ಗೆ ಪಾಳಿ ಗೊತ್ತಿಲ್ಲ. ಗಂಟೆ ಹೊಡೆದರೆ ಅದಕ್ಕೆ ಸಿಕ್ಕ ಎಳೆಗಳೆಲ್ಲ ಒಟ್ಟಿಗೆ ಏಳಬೇಕು, ಮುಂದಿನ ಗಂಟೆಗೂ ಅವೇ ಏಳಬೇಕು. ಹಾಗಾಗಿ ಬೇಗ ಸುಸ್ತು. ಸೋವಿಯತ್ ದೇಶದ ವಿಜ್ಞಾನಿ ಯಾಕೋವ್ ಕೋಟ್ಸ್ 1970ರ ದಶಕದಲ್ಲಿ ಕ್ರೀಡಾಪಟುಗಳಿಗೆ ಕೊಟ್ಟ ಪದ್ಧತಿ ನೋಡಿ: 10 ಸೆಕೆಂಡ್ ಹಿಂಡು, 50 ಸೆಕೆಂಡ್ ಬಿಡುವು, ಹತ್ತು ಸಲ, ಮುಗೀತು. ಹುರಿಯಾಳುಗಳಿಗೇ ಅಷ್ಟು ಬಿಡುವು ಬೇಕಿತ್ತು.

ಮೊದಮೊದಲು ಚೆನ್ನಾಗಿತ್ತು, ಈಗ ಏನೂ ಅನ್ನಿಸ್ತಿಲ್ಲ. ಮೆಷಿನ್ ಕೆಟ್ಟಿತಾ?

ಮೊದಲು ಪ್ಯಾಡ್ ನೋಡಿ. ಒಣಗಿದ ಪ್ಯಾಡೇ ಹತ್ತರಲ್ಲಿ ಏಳು ಸಲ ಕಾರಣ ಅಂತ ನನ್ನ ಅಂದಾಜು. ಆಮೇಲೆ ಬ್ಯಾಟರಿ. ಎರಡೂ ಸರಿಯಿದ್ದರೆ ಮೈ ಒಗ್ಗಿಹೋಗಿದೆ. ದಿನಾ ಒಂದೇ ಹರ್ಟ್ಸ್, ಒಂದೇ ಜೋರು ಕೊಟ್ಟರೆ ಕೆಲವೇ ದಿನಗಳಲ್ಲಿ ಪರಿಣಾಮ ತಗ್ಗುತ್ತದೆ. ಒಂದು ದಿನ 100 ಹರ್ಟ್ಸ್, ಇನ್ನೊಂದು ದಿನ 4 ಹರ್ಟ್ಸ್ ಹೀಗೆ ಬದಲಾಯಿಸಿ. ವೇಗ ತಾನೇ ಬದಲಾಗುವ ಪ್ರೋಗ್ರಾಂ ಇದ್ದರೆ ಅದನ್ನೇ ಹಾಕಿ. ಮೊಣಕೈ ಟೆಂಡನ್ ನೋಯುತ್ತಿದ್ದರೆ 4 ಹರ್ಟ್ಸ್‌ನಲ್ಲಿ ಸ್ನಾಯು ಕುಣಿಯದಷ್ಟು ಇಳಿಸಿ. ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ.

ಮರುದಿನ ಮೈಕೈ ನೋವು ಬಂತು. ಸಹಜವಾ?

ಇಎಂಎಸ್ ಹೊಸದಾಗಿ ಶುರು ಮಾಡಿದವರಿಗೆ ಸಹಜ. ಬಹಳ ದಿನದ ಮೇಲೆ ಓಡಿದರೆ ಆಗುವ ನೋವಿನಂಥದ್ದು, ಎರಡು ಮೂರು ದಿನಕ್ಕೆ ಹೋಗುತ್ತದೆ. ಹಾಗಲ್ಲದೆ ಸ್ನಾಯು ಊದಿಕೊಂಡು, ತೀರಾ ಬಲಹೀನವಾಗಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡುವ ಸ್ಥಿತಿ ಅದು, ರಾಬ್ಡೊಮಯೊಲಿಸಿಸ್ ಅಂತ ಹೆಸರು. ಇಡೀ ಮೈಗೆ ಸೂಟ್ ಹಾಕಿ ಕರೆಂಟ್ ಕೊಡುವ ಜಿಮ್ ತರಬೇತಿಯಲ್ಲಿ, ಅದರಲ್ಲೂ ಮೊದಲ ದಿನವೇ ಜೋರಾಗಿ ಮಾಡಿದವರಲ್ಲಿ ಇದು ವರದಿಯಾಗಿದೆ. ಎರಡು ಪ್ಯಾಡ್‌ನ ಮನೆ ಮೆಷಿನ್‌ನಲ್ಲಿ ಅಷ್ಟು ಸ್ನಾಯು ಒಟ್ಟಿಗೆ ದುಡಿಯುವುದಿಲ್ಲ, ಆದರೂ ಲಕ್ಷಣ ಗೊತ್ತಿರಲಿ.

ಯಾರು ಮುಟ್ಟಲೇಬಾರದು?

ಪೇಸ್‌ಮೇಕರ್ ಅಥವಾ ಎದೆಯೊಳಗೆ ಶಾಕ್ ಕೊಡುವ ಸಾಧನ ಇರುವವರು. ಇದರಲ್ಲಿ ರಾಜಿ ಇಲ್ಲ, ಹೃದಯದ ಡಾಕ್ಟರ್ ಒಪ್ಪದೆ ಮೆಷಿನ್ ಹತ್ತಿರವೂ ಹೋಗಬೇಡಿ. ಗರ್ಭಿಣಿಯರು ಹೊಟ್ಟೆಗೆ, ಸೊಂಟಕ್ಕೆ ತಾವಾಗಿ ಹಾಕಿಕೊಳ್ಳಬಾರದು. ಹೆರಿಗೆ ನೋವಿಗೆ ಕೆಲವು ಕಡೆ ಟೆನ್ಸ್ ಕೊಡುತ್ತಾರೆ, ಅದು ಅವರ ಉಸ್ತುವಾರಿಯಲ್ಲಿ. ಫಿಟ್ಸ್ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು, ಕ್ಯಾನ್ಸರ್ ಇರುವವರು ಮೊದಲು ಡಾಕ್ಟರನ್ನು ಕೇಳಬೇಕು.

ಎಲ್ಲರೂ ಬಿಡಬೇಕಾದ ಜಾಗಗಳೂ ಇವೆ: ಕತ್ತಿನ ಮುಂಭಾಗ, ತಲೆ, ಕಣ್ಣಿನ ಹತ್ತಿರ, ಗಾಯ, ಹುಣ್ಣು. ಎದೆಗೊಂದು ಬೆನ್ನಿಗೊಂದು ಪ್ಯಾಡ್ ಹಾಕಿ ಕರೆಂಟ್ ಎದೆಯನ್ನು ದಾಟುವಂತೆ ಮಾಡಲೇಬಾರದು. ಸ್ಪರ್ಶ ಗೊತ್ತಾಗದ ಚರ್ಮದ ಮೇಲೂ ಬೇಡ. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಇದನ್ನು ಪರೀಕ್ಷಿಸಿಕೊಳ್ಳಿ. ಸುಡುತ್ತಿರುವುದು ಗೊತ್ತಾಗದಿದ್ದರೆ ಇಳಿಸುವುದು ಹೇಗೆ?

ಮೂಳೆಗೆ ರಾಡ್, ಸ್ಕ್ರೂ ಹಾಕಿದ್ದಾರೆ. ತೊಂದರೆ ಇದೆಯಾ?

ಟೆನ್ಸ್‌ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಬೆನ್ನಿನ ಆಪರೇಷನ್ ಆಗಿದ್ದರೆ ಮಾಡಿದ ಡಾಕ್ಟರನ್ನೇ ಕೇಳಿ. ಲೋಹದ ಮಾತು ಹಾಗಿರಲಿ, ಕೂಡುತ್ತಿರುವ ಮೂಳೆ, ಹೊಲಿದ ಟೆಂಡನ್ ಇದ್ದರೆ ಇಎಂಎಸ್‌ನ ಎಳೆತ ಅಪಾಯ.

ನೋವು ಸೊಂಟದಿಂದ ಕಾಲಿಗೆ ಇಳಿಯುತ್ತೆ. ಅದಕ್ಕೂ ಹಾಕಬಹುದಾ?

ಅದು ಸಯಾಟಿಕಾ ಇರಬಹುದು. ಇಲ್ಲಿ ನಿಜವಾಗಿಯೂ ನರವೇ ಹಿಡಿದಿರುತ್ತದೆ. ಟೆನ್ಸ್‌ನಿಂದ ಕೆಲವರಿಗೆ ಹಾಯೆನಿಸುತ್ತದೆ, ಒತ್ತಡ ಹೋಗುವುದಿಲ್ಲ. ಮೆಷಿನ್ ಆಚೆಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಮೂತ್ರ ಅಥವಾ ಮಲ ಹಿಡಿತ ತಪ್ಪುವುದು, ಮೂತ್ರ ಕಟ್ಟಿಕೊಳ್ಳುವುದು, ಕೂರುವ ಜಾಗ, ತೊಡೆಸಂದು ಮರಗಟ್ಟುವುದು, ಪಾದ ಎತ್ತಲು ಆಗದಿರುವುದು. ಜ್ವರದ ಜೊತೆ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಶುರುವಾದ ನೋವು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಮೊದಲು ಡಾಕ್ಟರ್. ನೋವು ಮುಚ್ಚಿಹಾಕುವುದೇ ಈ ಮೆಷಿನ್‌ನ ಗುಣ, ಕೆಲವೊಮ್ಮೆ ಅದೇ ದೋಷ.

ಶಾಕ್ ಹೊಡೆಯುತ್ತಾ?

ಪ್ರಾಣಕ್ಕೆ ಅಪಾಯ ಆಗುವಂಥ ಶಾಕ್ ಇಲ್ಲ. ಬ್ಯಾಟರಿಯಿಂದ ಓಡುವ ಮೆಷಿನ್, ಕೆಲವು ಹತ್ತು ಮಿಲಿಯಾಂಪ್, ಅದೂ ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತಿನ ಬಡಿತ. ಬೆಚ್ಚಿಬೀಳುವಂಥ ಚುರುಕು ಮಾತ್ರ ಖಂಡಿತ ಸಿಗುತ್ತದೆ, ಮೆಷಿನ್ ಆನ್ ಇರುವಾಗ ಪ್ಯಾಡ್ ಕಿತ್ತರೆ. ಅರ್ಧ ಕಿತ್ತ ಪ್ಯಾಡ್‌ನ ಮೂಲೆಯಲ್ಲೇ ಕರೆಂಟ್ ಎಲ್ಲಾ ಗುಂಪುಗೂಡುತ್ತದೆ. ಮೊದಲು ಸೊನ್ನೆ ಮಾಡಿ, ಆಫ್ ಮಾಡಿ, ಆಮೇಲೆ ಕೀಳಿ. ಸ್ನಾನದ ಮನೆಯಲ್ಲಿ, ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಬೇಡ. ಚಾರ್ಜ್ ಆಗುತ್ತಿರುವಾಗಲೂ ಮೈಗೆ ಹಾಕಿಕೊಳ್ಳಬೇಡಿ.

ಹೊಟ್ಟೆ ಕರಗುತ್ತಾ?

ಇಲ್ಲ.

ವ್ಯಾಯಾಮ ಮಾಡದೆ ಇದನ್ನೇ ಮಾಡಿದರೆ ಸಾಲದಾ?

ಸಾಲದು. ಮೊಣಕೈಗೆ ನನಗೆ ಕೊನೆಗೆ ಕೆಲಸ ಮಾಡಿದ್ದು ಒಂದು ನೀರಿನ ಬಾಟಲಿ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಗೆ, ಬಾಟಲಿ ಹಿಡಿದ ಮುಷ್ಟಿ ಮೇಜಿನ ಅಂಚಿನಾಚೆ. ಇನ್ನೊಂದು ಕೈಯಿಂದ ಮುಷ್ಟಿಯನ್ನು ಮೇಲೆತ್ತಿ, ಆಮೇಲೆ ಅದರ ಆಸರೆ ಬಿಟ್ಟು ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ಇಳಿಸುವುದು. ಹತ್ತು ಹದಿನೈದು ಸಲ, ಮೂರು ಸುತ್ತು. ಟೆಂಡನ್‌ಗೆ ಬಲ ಬರಬೇಕಾದರೆ ಅದರ ಮೇಲೆ ಹದವಾದ ಭಾರ ಬೀಳಲೇಬೇಕು. ಟೆನ್ಸ್ ಹಾಕಿ 20 ನಿಮಿಷ, ತೆಗೆದು ಕೂಡಲೇ ಬಾಟಲಿ. ನೋವಿಗೆ ಹೆದರಿ ಬಿಟ್ಟುಬಿಡುತ್ತಿದ್ದ ವ್ಯಾಯಾಮ ಆಗ ತಪ್ಪದೆ ನಡೆಯಿತು. ಬೆನ್ನಿಗೂ ಹಾಗೆಯೇ: ಟೆನ್ಸ್ ತೆಗೆದ ಮೇಲೆ ನಡೆಯುವುದು, ಮಂಡಿ ಮಡಚಿ ಮಲಗಿ ಸೊಂಟ ಎತ್ತುವುದು, ಮಂಡಿಯೂರಿ ಎದುರುಬದುರು ಕೈ ಕಾಲು ಚಾಚುವುದು.

ಎಷ್ಟು ದಿನ ನೋಡಿ ಇದು ನನಗಲ್ಲ ಅಂತ ಬಿಡಬೇಕು?

ಟೆನ್ಸ್ ಆದರೆ ಮೂರು ನಾಲ್ಕು ಸಲದಲ್ಲೇ ಗೊತ್ತಾಗುತ್ತದೆ. ಪ್ಯಾಡ್ ಜಾಗ, ಹರ್ಟ್ಸ್ ಬದಲಾಯಿಸಿ ನೋಡಿ. ಒಂದು ವಾರದಲ್ಲಿ ಓಡುತ್ತಿರುವಾಗಲೂ ನೋವು ತಗ್ಗದಿದ್ದರೆ ಮುಂದೆಯೂ ತಗ್ಗುವುದು ಅನುಮಾನ. ಇಎಂಎಸ್‌ಗೆ ನಾಲ್ಕರಿಂದ ಆರು ವಾರ ಕೊಡಿ, ಸ್ನಾಯು ಬಲ ಬೇಗ ಬರುವುದಿಲ್ಲ. ಹಾಕುವ ಮುಂಚೆ, ತೆಗೆದ ಮೇಲೆ, ಎರಡು ಗಂಟೆ ಬಿಟ್ಟು, ನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಬರೆದಿಡಿ. ನೆನಪು ಮೋಸ ಮಾಡುತ್ತದೆ, ಅದರಲ್ಲೂ ದುಡ್ಡು ಕೊಟ್ಟು ತಂದ ಮೆಷಿನ್ ವಿಷಯದಲ್ಲಿ.

ಪ್ಯಾಡ್ ಅಂಟುತ್ತಿಲ್ಲ, ಚರ್ಮ ಕೆಂಪಾಗುತ್ತೆ. ಏನು ಮಾಡಲಿ?

ಎಣ್ಣೆ, ಮುಲಾಮು, ಬೆವರು, ಇವೇ ಪ್ಯಾಡ್‌ನ ಶತ್ರುಗಳು. ಚರ್ಮ ತೊಳೆದು ಪೂರ್ತಿ ಒರೆಸಿ ಅಂಟಿಸಿ. ಕೂದಲು ಜಾಸ್ತಿ ಇದ್ದರೆ ಕತ್ತರಿಸಿ, ಬ್ಲೇಡ್ ಬೇಡ. ಬ್ಲೇಡ್ ತಾಗಿದ ಚರ್ಮ ಕರೆಂಟಿಗೆ ಉರಿಯುತ್ತದೆ. ಪ್ಯಾಡ್ ಒಣಗಿದ್ದರೆ ಒಂದೆರಡು ಹನಿ ನೀರು ಸವರಿ ಎರಡು ನಿಮಿಷ ಬಿಡಿ. 20ರಿಂದ 30 ಸಲ ಬಳಸಿದ ಮೇಲೆ ಅದಕ್ಕೂ ಬಗ್ಗದಿದ್ದರೆ ಹೊಸದು ತನ್ನಿ. ತೆಗೆದ ಮೇಲೆ ತೆಳು ಕೆಂಪು ಇದ್ದು ಒಂದು ಗಂಟೆಯಲ್ಲಿ ಹೋದರೆ ಚಿಂತೆಯಿಲ್ಲ. ಪ್ಯಾಡ್‌ನ ಆಕಾರದಲ್ಲೇ ತುರಿಕೆ, ಗುಳ್ಳೆ ಬಂದರೆ ಅಂಟು ನಿಮಗೆ ಆಗಿಬರುತ್ತಿಲ್ಲ. ಬೇರೆ ಬಗೆಯ ಪ್ಯಾಡ್ ನೋಡಿ.

ಮನೆಯವರೆಲ್ಲ ಒಂದೇ ಮೆಷಿನ್ ಬಳಸಬಹುದಾ?

ಮೆಷಿನ್ ಬಳಸಬಹುದು, ಪ್ಯಾಡ್ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ ಇರಲಿ. ಹಾಳೆಗೆ ಅಂಟಿಸಿ, ಕವರ್ ಮೇಲೆ ಹೆಸರು ಬರೆದಿಡಿ. ಕೆಲವು ಮೆಷಿನ್‌ಗಳು ಹಿಂದಿನವರು ಇಟ್ಟ ನಂಬರನ್ನೇ ನೆನಪಿಟ್ಟುಕೊಂಡು ಅಲ್ಲಿಂದಲೇ ಶುರುವಾಗುತ್ತವೆ. ನಿಮ್ಮ ಸೊಂಟಕ್ಕೆ ಇಟ್ಟ 30 ಇನ್ನೊಬ್ಬರ ಮೊಣಕೈಗೆ ಹೋದರೆ ಲೋಟ ಹಾರಿಹೋಗುತ್ತದೆ. ಎದ್ದು ಹೋಗುವಾಗ ಸೊನ್ನೆಗೆ ಇಳಿಸಿ ಹೋಗಿ.